ಇಂಗ್ಲಿಷ್ ಪದಗಳ ಬೇರನ್ನೂ ಕಲಿಸಿ

ಮಾನ್ಯ ಸಂಪಾದಕರೇ,

ವಿಜಯಪುರ ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಇಂಗ್ಲಿಷ್ ಪದಗಳನ್ನು ಒಂದೊಂದು ಅರ್ಥಕ್ಕೆ ಕಟ್ಟಿಹಾಕಿ ಬಾಯಿಪಾಠ ಮಾಡಿಸುವ ರೂಢಿ ಬದಲಾಗಬೇಕು. ‘ಅಗ್ರವೇಟ್’ ಎಂಬ ಪದವನ್ನೇ ನೋಡಿ. ‘ಸಿಟ್ಟು ಬರಿಸು’ ಎಂದಷ್ಟೇ ಬರೆದುಕೊಂಡ ವಿದ್ಯಾರ್ಥಿ, ಗಾಯ ಅಥವಾ ಬರಗಾಲ ‘ಅಗ್ರವೇಟ್’ ಆಯಿತೆಂದು ಓದಿದಾಗ ತಬ್ಬಿಬ್ಬಾಗುತ್ತಾನೆ. ಅಲ್ಲಿ ಅದರ ಅರ್ಥ ಉಲ್ಬಣಿಸು, ಬಿಗಡಾಯಿಸು. ಮರಣದಂಡನೆ ಕುರಿತ 1980ರ ಬಚನ್ ಸಿಂಗ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಚರ್ಚಿಸಿದ ‘ಅಗ್ರವೇಟಿಂಗ್’ ಸಂದರ್ಭಗಳೆಂದರೆ ಅಪರಾಧದ ಗಂಭೀರತೆಯನ್ನು ಹೆಚ್ಚಿಸುವ ಸಂಗತಿಗಳು; ಕಿರಿಕಿರಿಗೂ ಅದಕ್ಕೂ ಸಂಬಂಧವಿಲ್ಲ.

ಬೇರು ತಿಳಿದರೆ ಈ ಗೊಂದಲವೇ ಇರದು. ಲ್ಯಾಟಿನ್‌ನಲ್ಲಿ ‘ಗ್ರಾವಿಸ್’ ಎಂದರೆ ಭಾರವಾದದ್ದು. ಅದರಿಂದ ಹುಟ್ಟಿದ ‘ಅಗ್ರವಾರೆ’ ಎಂದರೆ ಇನ್ನಷ್ಟು ಭಾರ ಹೇರುವುದು. ಇಂಗ್ಲಿಷಿಗೆ ಬಂದ ಮೇಲೆ ಕೆಡುಕನ್ನು ಹೆಚ್ಚಿಸುವುದು ಎಂಬ ಅರ್ಥ ನೆಲೆಯೂರಿತು, ಮನಸ್ಸಿಗೆ ತ್ರಾಸು ಕೊಡುವುದು ಎಂಬ ಅರ್ಥವೂ ಬಳಕೆಗೆ ಬಂತು. ‘ಗ್ರಾವಿಟಿ’ಯೂ ಇದೇ ಬಳಗದ್ದು. ಇನ್ನೂ ಸಂತೋಷದ ಸಂಗತಿಯೆಂದರೆ, ಭಾರ ಎಂಬ ಅರ್ಥದ ಸಂಸ್ಕೃತದ ‘ಗುರು’ವಿಗೂ ಲ್ಯಾಟಿನ್ ಪದಕ್ಕೂ ಮೂಲ ಒಂದೇ ಎಂಬುದು ಭಾಷಾವಿಜ್ಞಾನಿಗಳ ಅಭಿಮತ. ವಿಜ್ಞಾನ ತರಗತಿಯಲ್ಲಿ ‘ಗುರುತ್ವಾಕರ್ಷಣೆ’ ಓದುವ ನಮ್ಮ ಮಕ್ಕಳಿಗೆ ಇದು ಪರಕೀಯವೇನಲ್ಲ. ಇಂಗ್ಲಿಷ್ ಭಯದಲ್ಲಿ ಕುಗ್ಗುವ ಹಳ್ಳಿಯ ಮಕ್ಕಳಿಗೆ ಇಂಥ ನಂಟು ಎಷ್ಟು ಧೈರ್ಯ ಕೊಡಬಲ್ಲದು!

ಶಿಕ್ಷಣ ಇಲಾಖೆಯು ಪ್ರೌಢಶಾಲಾ ಇಂಗ್ಲಿಷ್ ಶಿಕ್ಷಕರ ತರಬೇತಿಯಲ್ಲಿ ಪದಮೂಲಕ್ಕೆ ಒಂದು ಅವಧಿ ಮೀಸಲಿಡಲಿ. ಪ್ರತಿ ಪಾಠದ ಕೊನೆಯಲ್ಲಿ ಎರಡು-ಮೂರು ಪದಗಳ ಮೂಲವನ್ನು ಕನ್ನಡದಲ್ಲೇ ವಿವರಿಸುವ ಟಿಪ್ಪಣಿಯನ್ನೂ ಪಠ್ಯಪುಸ್ತಕಕ್ಕೆ ಸೇರಿಸಲಿ.

– ಓರ್ವ ಓದುಗ, ವಿಜಯಪುರ