ಕೇಬಲ್ ತರಿಸುವ ಮೊದಲು ಕಾರ್ಖಾನೆಯ ಲೈಸೆನ್ಸ್ ನೋಡಿ

ಮಾನ್ಯರೇ,

ಹೊರದೇಶದಿಂದ ವೈರ್, ಕೇಬಲ್ ತರಿಸುವ ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳು ಬಹುಪಾಲು ಒಂದೇ ಜಾಗದಲ್ಲಿ ಎಡವುತ್ತಾರೆ. ಮುಂಗಡ ಕಟ್ಟಿ, ಸರಕು ಹಡಗು ಹತ್ತಿದ ಮೇಲೆ ‘ಬಿಐಎಸ್ ಸರ್ಟಿಫಿಕೇಟ್ ಬೇಕಂತೆ, ಎಷ್ಟು ದಿನಕ್ಕೆ ಸಿಗುತ್ತದೆ?’ ಎಂದು ವಿಚಾರಿಸುತ್ತಾರೆ. ಅಷ್ಟರಲ್ಲಿ ಕಾಲ ಮಿಂಚಿರುತ್ತದೆ. ಐಎಸ್‌ಐ ಮುದ್ರೆ ಹಾಕಲು ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಕೊಡುವ ಈ ಲೈಸೆನ್ಸ್ ಆಮದುದಾರನಿಗೆ ಕೊಡುವಂಥದ್ದಲ್ಲ, ಬಂದರಿನಲ್ಲಿ ಇಳಿದ ಸರಕಿಗೂ ಕೊಡುವಂಥದ್ದಲ್ಲ. ಅದನ್ನು ಕೊಡುವುದು ಕೇಬಲ್ ತಯಾರಿಸುವ ಕಾರ್ಖಾನೆಗೆ, ಅದರಲ್ಲೂ ಅರ್ಜಿಯಲ್ಲಿ ನಮೂದಿಸಿದ ವಿಳಾಸದ ಕಾರ್ಖಾನೆಗೆ ಮಾತ್ರ.

ಮನೆ, ಅಂಗಡಿಗಳ ವೈರಿಂಗ್‌ಗೆ ಬಳಸುವ ಪಿವಿಸಿ ಹೊದಿಕೆಯ ವೈರ್‌ಗಳಿಗೆ ಐಎಸ್ 694 ಮತ್ತು ರಬ್ಬರ್ ಹೊದಿಕೆಯ ಕೇಬಲ್‌ಗಳಿಗೆ ಐಎಸ್ 9968 (ಭಾಗ 1) ಮಾನದಂಡ 2003ರ ಗುಣಮಟ್ಟ ನಿಯಂತ್ರಣ ಆದೇಶದಿಂದಲೇ ಕಡ್ಡಾಯ. 2016ರ ಬಿಐಎಸ್ ಕಾಯ್ದೆಯ 17ನೇ ಕಲಂ ಪ್ರಕಾರ ಐಎಸ್‌ಐ ಮುದ್ರೆಯಿಲ್ಲದೆ ಇವನ್ನು ಆಮದು ಮಾಡುವುದಷ್ಟೇ ಅಲ್ಲ, ಗೋದಾಮಿನಲ್ಲಿಡುವುದೂ ಮಾರಾಟಕ್ಕೆ ಪ್ರದರ್ಶಿಸುವುದೂ ತಪ್ಪು. ಯುರೋಪಿನ ಸಿಇ, ಅಮೆರಿಕದ ಯುಎಲ್ ಅಥವಾ ಚೀನಾದ ಸಿಸಿಸಿ ಗುರುತು ಇದಕ್ಕೆ ಬದಲಿಯಲ್ಲ. ಚೀನಾದ ಪೂರೈಕೆದಾರರು ತಮ್ಮ ಬಿವಿ, ಆರ್‌ವಿವಿ ಮಾದರಿಯ ಕೇಬಲ್‌ಗಳು ಅಂತರರಾಷ್ಟ್ರೀಯ ಮಾನದಂಡ ಐಇಸಿ 60227ಕ್ಕೆ ಹೊಂದುತ್ತವೆ ಎನ್ನುತ್ತಾರೆ. ಅದು ನಿಜವೇ ಇರಬಹುದು, ಆದರೂ ಆ ಪರೀಕ್ಷಾ ವರದಿಯ ಬಲದ ಮೇಲೆ ಸರಕು ಬಿಡುಗಡೆಯಾಗುವುದಿಲ್ಲ.

ವಿದೇಶಿ ತಯಾರಕರಿಗೆಂದು ಬಿಐಎಸ್‌ನಲ್ಲಿ ಎಫ್‌ಎಂಸಿಎಸ್ ಎಂಬ ಪ್ರತ್ಯೇಕ ವ್ಯವಸ್ಥೆಯಿದೆ. ಕಾರ್ಖಾನೆಯವರೇ ಅರ್ಜಿ ಹಾಕಬೇಕು, ಭಾರತದಲ್ಲಿ ನೆಲೆಸಿರುವ ಒಬ್ಬ ಅಧಿಕೃತ ಪ್ರತಿನಿಧಿಯನ್ನು ನೇಮಿಸಬೇಕು. ಅರ್ಜಿ ಶುಲ್ಕ ಒಂದು ಸಾವಿರ ರೂಪಾಯಿಯಷ್ಟೇ. ದೊಡ್ಡ ಖರ್ಚು ಬೇರೆಡೆ ಇದೆ: ಪರಿಶೀಲನೆಗೆ ಹೋಗುವ ಅಧಿಕಾರಿಗಳ ಪ್ರಯಾಣ, ವಸತಿ, ಪರೀಕ್ಷಾ ಶುಲ್ಕ, ಐಎಸ್‌ಐ ಮುದ್ರೆ ಬಳಸಲು ಕಟ್ಟುವ ವಾರ್ಷಿಕ ಶುಲ್ಕ, ಇವೆಲ್ಲದರ ಜೊತೆಗೆ 10,000 ಡಾಲರಿನ ಬ್ಯಾಂಕ್ ಗ್ಯಾರಂಟಿ. ಅಧಿಕಾರಿಗಳು ಕಾರ್ಖಾನೆಯ ಲ್ಯಾಬ್ ನೋಡುತ್ತಾರೆ. ವಾಹಕದ ಪ್ರತಿರೋಧ ಅಳೆಯುವ ಬ್ರಿಡ್ಜ್, ಸ್ಪಾರ್ಕ್ ಟೆಸ್ಟರ್, ಹೈ ವೋಲ್ಟೇಜ್ ಪರೀಕ್ಷೆಯ ಸಲಕರಣೆ, ಹೊದಿಕೆಯನ್ನು ಎಳೆದು ನೋಡುವ ಯಂತ್ರ, ಏಜಿಂಗ್ ಓವನ್ ಅಲ್ಲೇ ಇರಬೇಕು. ಆಮೇಲೆ ಮಾದರಿಗೆ ಸೀಲ್ ಹಾಕಿ ಭಾರತದ ಲ್ಯಾಬ್‌ನಲ್ಲಿ ಪರೀಕ್ಷೆಗೆ ಕೊಡಲಾಗುತ್ತದೆ. ಎಲ್ಲ ಸುಸೂತ್ರವಾಗಿ ನಡೆದರೂ ಆರು ತಿಂಗಳು ಲೆಕ್ಕಕ್ಕೆ ಹಿಡಿಯುವುದು ಕ್ಷೇಮ. ಒಂದೆರಡು ಕಂಟೈನರ್ ತರಿಸುವವರು ಹೊಸ ಲೈಸೆನ್ಸ್‌ಗೆ ಕೈಹಾಕುವ ಬದಲು ಈಗಾಗಲೇ ಲೈಸೆನ್ಸ್ ಪಡೆದ ಕಾರ್ಖಾನೆಯನ್ನು ಹುಡುಕುವುದೇ ಲೇಸು.

ಹಾಗೆ ಹುಡುಕಿದವರೂ ಸಿಕ್ಕಿಬೀಳುತ್ತಾರೆ. ಮುಖ್ಯ ಕಾರಣ, ಇನ್‌ವಾಯ್ಸ್ ಕೊಡುವವರು ಟ್ರೇಡಿಂಗ್ ಕಂಪನಿಯವರು. ಅವರು ತೋರಿಸುವ ಲೈಸೆನ್ಸ್ ಒಂದು ಕಾರ್ಖಾನೆಯದು, ಸರಕು ತುಂಬಿಸುವುದು ಇನ್ನೊಂದರಿಂದ. ಒಂದೇ ಕಂಪನಿಗೆ ಎರಡು ಊರಿನಲ್ಲಿ ಕಾರ್ಖಾನೆಯಿದ್ದರೆ ಎರಡಕ್ಕೂ ಬೇರೆ ಬೇರೆ ಲೈಸೆನ್ಸ್ ಬೇಕು. ಎರಡನೆಯ ಕಾರಣ ಲೈಸೆನ್ಸ್‌ನ ವ್ಯಾಪ್ತಿ, ಅಂದರೆ ಅದು ಯಾವ ಬಗೆಯ ವೈರ್‌ಗಳಿಗೆ ಅನ್ವಯ ಎಂಬುದು. ಒಂಟಿ ಕೋರ್‌ನ ತಾಮ್ರದ ವೈರ್‌ಗೆ ಇರುವ ಲೈಸೆನ್ಸ್ ಮೂರು ಕೋರ್‌ನ ಫ್ಲೆಕ್ಸಿಬಲ್ ಕೇಬಲ್‌ಗೆ ತಾನಾಗಿ ಅನ್ವಯಿಸದು. ಎಫ್‌ಆರ್ (ಬೆಂಕಿ ಬೇಗ ಹರಡದ), ಎಫ್‌ಆರ್-ಎಲ್‌ಎಸ್‌ಎಚ್ (ಜೊತೆಗೆ ಹೊಗೆಯೂ ಕಡಿಮೆ) ಎಂದು ಅಚ್ಚು ಹಾಕಬೇಕಾದರೆ ಅದೂ ವ್ಯಾಪ್ತಿಯಲ್ಲಿರಬೇಕು. ಆದ್ದರಿಂದ ಲೈಸೆನ್ಸ್‌ನ ಮೊದಲ ಪುಟದ ಫೋಟೊ ಸಾಲದು, ವ್ಯಾಪ್ತಿಯ ಪುಟವನ್ನೂ ಕೇಳಿ ಪಡೆಯಿರಿ. ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಲೈಸೆನ್ಸ್‌ನ ಸಿಎಂ/ಎಲ್ ಸಂಖ್ಯೆ ಹಾಕಿದರೆ ತಯಾರಕರ ಹೆಸರು, ವಿಳಾಸ, ಲೈಸೆನ್ಸ್ ಚಾಲ್ತಿಯಲ್ಲಿದೆಯೇ ಎಂಬುದು ಕಾಣುತ್ತದೆ. ಆರ್ಡರ್ ಕೊಡುವಾಗ ಒಮ್ಮೆ, ಸರಕು ತುಂಬಿಸುವ ಮೊದಲು ಮತ್ತೊಮ್ಮೆ ನೋಡಬೇಕು. ನಡುವೆ ಅವಧಿ ಮುಗಿದಿರಬಹುದು, ಮುದ್ರೆ ಹಾಕದಂತೆ ತಡೆಯೂ ಬಂದಿರಬಹುದು.

ಇನ್ನು ಮುದ್ರೆಯ ವಿಷಯ. ರಟ್ಟಿನ ಪೆಟ್ಟಿಗೆಯ ಮೇಲಷ್ಟೇ ಐಎಸ್‌ಐ ಗುರುತಿದ್ದು ವೈರ್ ಬರಿದಾಗಿದ್ದರೆ ಅದು ಒಪ್ಪಿತವಲ್ಲ. ತಯಾರಕರ ಗುರುತು, ಅಳತೆ ಮುಂತಾದ ವಿವರ ವೈರಿನ ಉದ್ದಕ್ಕೂ ಮರುಕಳಿಸಬೇಕು. ಸರಕು ಬಂದ ಮೇಲೆ ಗೋದಾಮಿನಲ್ಲಿ ಸ್ಟಿಕರ್ ಅಂಟಿಸಿಕೊಡುತ್ತೇವೆ ಎನ್ನುವವರ ಮಾತು ನಂಬಬೇಡಿ. ಮುದ್ರೆ ಬೀಳಬೇಕಾದದ್ದು ಲೈಸೆನ್ಸ್ ಇರುವ ಕಾರ್ಖಾನೆಯಲ್ಲಿ.

ಕಾಗದಪತ್ರ ಸರಿಯಿದ್ದ ಮಾತ್ರಕ್ಕೆ ವೈರ್ ಸರಿಯಿದೆ ಎಂದೂ ಅಲ್ಲ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಎಳೆಗಳನ್ನು ತಾಮ್ರವೆಂದು ಸಾಗಹಾಕುವ ಮೋಸ ಇದೆ. 2.5 ಚದರ ಮಿ.ಮೀ.ನ 90 ಮೀಟರ್ ಕಾಯಿಲ್‌ನಲ್ಲಿ ತಾಮ್ರವೇ ಸುಮಾರು 2 ಕಿಲೋ ತೂಗಬೇಕು, ಲೇಪಿತ ಎಳೆಯಾದರೆ ಅದರ ಅರ್ಧವೂ ಬರುವುದಿಲ್ಲ. ಖಚಿತ ಪರೀಕ್ಷೆ ಪ್ರತಿರೋಧದ್ದು. ವಾಹಕಗಳ ಮಾನದಂಡವಾದ ಐಎಸ್ 8130ರ ಪ್ರಕಾರ 2.5 ಚದರ ಮಿ.ಮೀ. ಫ್ಲೆಕ್ಸಿಬಲ್ ತಾಮ್ರದ ವಾಹಕಕ್ಕೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಿಲೋಮೀಟರಿಗೆ 7.98 ಓಮ್ ಮೀರಬಾರದು, 1.5ಕ್ಕೆ 13.3 ಓಮ್. ಅಂದರೆ 2.5ರ ಕಾಯಿಲ್‌ಗೆ ಹೆಚ್ಚೆಂದರೆ 0.72 ಓಮ್. 30 ಡಿಗ್ರಿ ಸೆಖೆಯಲ್ಲಿ ಅಳೆದರೆ ಶೇ 4ರಷ್ಟು ಏರುತ್ತದೆ, ಅದನ್ನು ಕಳೆದು ನೋಡಬೇಕು. ಸಾಮಾನ್ಯ ಮಲ್ಟಿಮೀಟರ್ ಇದಕ್ಕೆ ಸಾಲದು, ಮಿಲಿಓಮ್ ಮೀಟರ್ ಬೇಕು. ಪ್ರತಿರೋಧ ಹೆಚ್ಚಿರುವ ವೈರ್ ಗೀಸರ್‌ನಂಥ ಭಾರ ಹೊತ್ತಾಗ ಕಾಯುತ್ತದೆ, ಪಿವಿಸಿ ಮೆತ್ತಗಾಗಿ ಗೋಡೆಯೊಳಗಿನ ಪೈಪ್‌ನಲ್ಲೇ ಶಾರ್ಟ್ ಆಗಬಹುದು. ಮನೆ ಸುಡುವ ಅಪಾಯ ಇರುವುದರಿಂದಲೇ ನಿಯಮ ಬಿಗಿಯಾಗಿದೆ. ಅದನ್ನು ಕಸ್ಟಮ್ಸ್‌ನವರ ಕಿರುಕುಳವೆಂದು ದೂರುವುದು ಸರಿಯಲ್ಲ.

ಸರಕು ಈಗಾಗಲೇ ಸಿಕ್ಕಿಹಾಕಿಕೊಂಡಿದ್ದರೆ ಯಂತ್ರದ ಬಿಡಿಭಾಗವೆಂದು ಬಿಲ್ ಆಫ್ ಎಂಟ್ರಿಯಲ್ಲಿ (ಕಸ್ಟಮ್ಸ್‌ಗೆ ಸಲ್ಲಿಸುವ ಆಮದು ಘೋಷಣೆ) ಬರೆಸುವ ಸಾಹಸ ಬೇಡ. ಕಸ್ಟಮ್ಸ್ ಸುಂಕಪಟ್ಟಿಯಲ್ಲಿ ಕೇಬಲ್‌ನ ಶೀರ್ಷಿಕೆ 8544. ಸುಳ್ಳು ಘೋಷಣೆ ಸೇರಿದರೆ ಮುಟ್ಟುಗೋಲಿಗೆ ಎರಡನೇ ಕಾರಣ ಕೊಟ್ಟಂತೆ. ಕಾಗದಪತ್ರದ ಗೊಂದಲವಷ್ಟೇ ಇದ್ದರೆ, ಕಸ್ಟಮ್ಸ್ ಕಾಯ್ದೆಯ 49ನೇ ಕಲಂ ಅಡಿ ಸರಕನ್ನು ಗೋದಾಮಿಗೆ ಸಾಗಿಸಲು ಅನುಮತಿ ಕೋರಿ. ಡಿಟೆನ್ಷನ್, ಡೆಮರೇಜ್ (ಕಂಟೈನರ್ ಮತ್ತು ಬಂದರಿನ ಜಾಗಕ್ಕೆ ದಿನಲೆಕ್ಕದ ಶುಲ್ಕ) ಏರುವುದು ಕೊಂಚ ತಪ್ಪುತ್ತದೆ. ಲೈಸೆನ್ಸೇ ಇಲ್ಲದ ಕಾರ್ಖಾನೆಯ ಸರಕಾದರೆ ವಾಪಸ್ ಕಳಿಸಲು ಬೇಗ ಅರ್ಜಿ ಹಾಕಿದಷ್ಟೂ ನಷ್ಟ ಕಡಿಮೆ.

ಐಎಸ್ 694ಕ್ಕೆ ಬಿಐಎಸ್‌ನ ಪ್ರಾಡಕ್ಟ್ ಮ್ಯಾನ್ಯುಯಲ್ ಇದೆ, ಆದರೆ ಅದನ್ನು ಓದಿ ಅರ್ಥಮಾಡಿಕೊಳ್ಳುವುದು ಎಲ್ಲ ವ್ಯಾಪಾರಿಗಳಿಂದ ಆಗದು. ಬಿಐಎಸ್‌ನ ಬೆಂಗಳೂರು ಕಚೇರಿ ಮತ್ತು ಜಿಲ್ಲಾ ಕೈಗಾರಿಕಾ ಕೇಂದ್ರಗಳು ಸೇರಿ ಲೈಸೆನ್ಸ್, ವ್ಯಾಪ್ತಿ, ಮುದ್ರೆಯ ಪರಿಶೀಲನೆ ಹೇಗೆಂದು ಕನ್ನಡದಲ್ಲಿ ಎರಡು ಪುಟದ ಕೈಪಿಡಿ ತರಬೇಕು. ಹೊಸದಾಗಿ ಆಮದು-ರಫ್ತು ಸಂಕೇತ ಸಂಖ್ಯೆ ಪಡೆಯುವವರ ಕೈಗೆ ಅದು ಮೊದಲ ದಿನವೇ ಸಿಗುವಂತಾಗಲಿ.

– ಆಮದು ಸಲಹೆಗಾರರು, ಪೀಣ್ಯ, ಬೆಂಗಳೂರು