ಪೆಟ್ಟಿಗೆಗಿಂತ ಮೊದಲು ಬಿಸಿನೀರು

ಪ್ರೀತಿಯ ತಂಗಿ,

ಅಮೆರಿಕದ ಸಿಯಾಟಲ್‌ನ ಪನಾಮಾ ಹೋಟೆಲ್ ಕುರಿತ ನಿನ್ನ ಲೇಖನವನ್ನು ಎರಡು ಸಲ ಓದಿದೆ. ಚಹಾದಂಗಡಿಯ ನೆಲಕ್ಕೆ ಕೂರಿಸಿದ ಗಾಜಿನಿಂದ ಇಣುಕಿ, ನೆಲಮಾಳಿಗೆಯಲ್ಲಿ ಜಪಾನಿ ಮೂಲದವರು ಬಿಟ್ಟುಹೋದ ಪೆಟ್ಟಿಗೆಗಳನ್ನು ಕಂಡಾಗ ಗಂಟಲು ಕಟ್ಟಿತು ಎಂದು ಶುರು ಮಾಡಿದ್ದೀಯ. ನಂಬುತ್ತೇನೆ. ಆದರೆ ಆ ಪೆಟ್ಟಿಗೆಗಳ ಒಡೆಯರ ಮುಖಪರಿಚಯವೇ ಆಗದೆ ಓದುಗರ ಕರುಳು ಹೇಗೆ ಮಿಡಿದೀತು?

ಮೊದಲು ಅದೇ ನೆಲಮಾಳಿಗೆಯ ಹಶಿದಾತೆ ಯು ಸ್ನಾನಗೃಹಕ್ಕೆ ಹೋಗು. ಅದಕ್ಕೆ ಒಂದೇ ಸಾಲು ಕೊಟ್ಟು, ಅದರಲ್ಲೂ ‘ಈಜುಕೊಳ’ ಎಂದಿದ್ದೀಯ. ಅದು ಸೆಂಟೋ, ಎಂದರೆ ಜಪಾನಿ ಸಾರ್ವಜನಿಕ ಸ್ನಾನಗೃಹ. ಅಲ್ಲಿ ತೊಟ್ಟಿಯ ಹೊರಗೇ ಕುಳಿತು ಮೈಯುಜ್ಜಿ ತೊಳೆದುಕೊಳ್ಳಬೇಕು. ಕೊಳೆಯೆಲ್ಲ ಹೋದ ಮೇಲೆ ಬಿಸಿನೀರಿಗಿಳಿದು ಸುಮ್ಮನೆ ಕೂರಬೇಕು. ನೀರು ಎಲ್ಲರಿಗೂ ಒಂದೇ ಆದ್ದರಿಂದ ಸೋಪಿನ ನೊರೆಯೂ ಅದಕ್ಕೆ ಬೀಳಬಾರದು. ಗಂಡಸರಿಗೊಂದು ತೊಟ್ಟಿ, ಹೆಂಗಸರಿಗೊಂದು. 1910ರ ಈ ಕಟ್ಟಡದ ನಕ್ಷೆ ಮಾಡಿದವರು ಜಪಾನಿ ಮೂಲದ ವಾಸ್ತುಶಿಲ್ಪಿ ಸಾಬ್ರೊ ಒಜಾಸಾ. ಮೇಲೆ ದುಡಿಯುವವರಿಗೆ ಬಾಡಿಗೆ ಕೋಣೆಗಳು, ಬೀದಿಯ ಮಟ್ಟದಲ್ಲಿ ಅಂಗಡಿಗಳು, ಕೆಳಗೆ ಬಿಸಿನೀರು. ಊರು ಬಿಟ್ಟು ಬಂದವನಿಗೆ ಸಂಜೆಯಾದರೆ ಏನು ಬೇಕೆನಿಸುತ್ತದೆ ಎಂಬುದನ್ನು ಬಲ್ಲವರ ಕೆಲಸ ಅದು. ಆ ಹಬೆಯಲ್ಲಿ ನಿಹೋನ್‌ಮಾಚಿಯ, ಅಂದರೆ ಸಿಯಾಟಲ್‌ನ ಜಪಾನಿ ಕೇರಿಯ, ಜನ ನಿನ್ನ ಓದುಗರ ಪಕ್ಕದಲ್ಲಿ ಕೂರಲಿ.

ಆಮೇಲೆ 1942ಕ್ಕೆ ಬಾ. ಅಮೆರಿಕ ಆಗ ಜಪಾನಿನೊಂದಿಗೆ ಯುದ್ಧದಲ್ಲಿತ್ತು. ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ 9066ನೇ ಆದೇಶಕ್ಕೆ ಸಹಿ ಹಾಕಿದರು. ಸುಮಾರು 1,20,000 ಜಪಾನಿ ಮೂಲದವರು ಬಂಧನ ಶಿಬಿರಗಳ ಪಾಲಾದರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಜನ ಅಮೆರಿಕದ ಪ್ರಜೆಗಳೇ. ಸಿಯಾಟಲ್‌ನವರನ್ನು ಮೊದಲು ಪುಯಲಪ್‌ನ ಜಾತ್ರೆ ಮೈದಾನಕ್ಕೆ, ಅಲ್ಲಿಂದ ಐಡಾಹೊದ ಮಿನಿಡೋಕಾ ಬಯಲಿಗೆ ಒಯ್ದರು. ಕೈಯಲ್ಲಿ ಹೊರುವಷ್ಟೇ ಒಯ್ಯಬಹುದಿತ್ತು. ಉಳಿದದ್ದನ್ನು ಕೆಲವರು ಈ ಹೋಟೆಲಿನ ನೆಲಮಾಳಿಗೆಯಲ್ಲಿ ಇಟ್ಟುಹೋದರು. ಇದನ್ನು ನೀನು ‘ಸ್ಥಳಾಂತರ’ ಎಂದು ಬರೆದದ್ದು ನನಗೆ ನೋವಾಯಿತು. ಅದು ಅಂದಿನ ಸರ್ಕಾರದ ನುಣುಪು ಮಾತು. ನಮ್ಮಲ್ಲಿ ‘ಎತ್ತಂಗಡಿ’ ಇದೆಯಲ್ಲ, ಅದನ್ನೇ ಬಳಸು.

2006ರಲ್ಲಿ ಕಟ್ಟಡ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತಾದುದಕ್ಕೆ ಇಡೀ ಪುಟ ಬೇಡ, ಒಂದು ಸಾಲು ಸಾಕು.

ಇನ್ನೊಂದು ಮಾತು. ಪೆಟ್ಟಿಗೆಯೊಂದರಲ್ಲಿ ‘ಮದುವೆಯ ಕಿಮೊನೊ ಇದ್ದಿರಬೇಕು’ ಎಂದು ಕಲ್ಪಿಸಿದ್ದೀಯ. ಆ ಭಾಗ ತೆಗೆದುಹಾಕು. ಒಡೆಯರೇ ಮರಳಿ ಬಂದು ತೆರೆಯದ ಪೆಟ್ಟಿಗೆಯನ್ನು ನಾವು ತೆರೆಯುವುದು ಬೇಡ. ಹೊರಗಿನ ಧೂಳು, ಹಗ್ಗದ ಗಂಟು, ಕಣ್ಣಿಗೆ ಕಂಡಷ್ಟನ್ನೇ ಬರೆ.

ಸ್ನಾನಗೃಹದ ಪುಟಗಳು ಮುಗಿದ ಕೂಡಲೇ ಕಳಿಸು. ಉಳಿದದ್ದಕ್ಕೆ ಕಾಯುತ್ತೇನೆ.

ನಿನ್ನ ಅಕ್ಕ