ದಕ್ಕೆಯ ಮಂಜಿಗಳು ಮತ್ತು ನಮ್ಮ ಬಾಲ್ಯ

ಮಾನ್ಯ ಸಂಪಾದಕರೇ,

ನಾನು ಬೆಳೆದದ್ದು ಮಂಗಳೂರಿನ ಹಳೆ ಬಂದರಿನ ಹತ್ತಿರ. ಶಾಲೆ ಬಿಟ್ಟ ಕೂಡಲೇ ದಕ್ಕೆಗೆ, ಅಂದರೆ ದೋಣಿಗಳು ಬಂದು ನಿಲ್ಲುವ ಕಟ್ಟೆಗೆ, ಓಟ. ಲಕ್ಷದ್ವೀಪಕ್ಕೆ ಹೊರಡುವ ಮಂಜಿಗಳೆಂಬ ಮರದ ಸರಕು ಹಡಗುಗಳಿಗೆ ಅಕ್ಕಿ, ತರಕಾರಿ, ಜಲ್ಲಿ ತುಂಬುವುದನ್ನು ಸುಮ್ನೆ ನೋಡುತ್ತಾ ನಿಂತರೆ ಹೊತ್ತು ಹೋದದ್ದೇ ಗೊತ್ತಾಗುತ್ತಿರಲಿಲ್ಲ, ವಾಪಸ್ ಬರುವಾಗ ಅವು ತರುತ್ತಿದ್ದ ಕೊಬ್ಬರಿಯ ವಾಸನೆ ಈಗಲೂ ಮೂಗಿನಲ್ಲಿದೆ. ಮಳೆಗಾಲದಲ್ಲಿ ಎಲ್ಲ ಸ್ತಬ್ಧ. ಕಟ್ಟಿ ನಿಲ್ಲಿಸಿದ ದೋಣಿಗಳು, ಬಲೆ ಹೆಣೆಯುವ ಅಜ್ಜಂದಿರು. ರಜೆಯಲ್ಲಿ ಫೆರಿ ಹತ್ತಿ ಫಲ್ಗುಣಿ ನದಿ ದಾಟಿ ಆಚೆ ದಡದ ಬೆಂಗ್ರೆಗೆ ಹೋಗುವುದೇ ನಮಗೆ ದೊಡ್ಡ ಪ್ರವಾಸ.

1975ರಲ್ಲಿ ಪಣಂಬೂರಿನ ಹೊಸ ಬಂದರು ಉದ್ಘಾಟನೆಯಾದ ಮೇಲೂ ಮಂಜಿಗಳು ಹಳೆ ದಕ್ಕೆ ಬಿಡಲಿಲ್ಲ. ಆದರೆ ಇದು ನಮ್ಮ ಊರಿನ ಎಷ್ಟೋ ಮಕ್ಕಳಿಗೆ ಗೊತ್ತೇ ಇಲ್ಲ. ಇಲ್ಲಿನ ಹಂಚಿನ ಮಾಡಿನ ಹಳೆ ಗೋದಾಮೊಂದನ್ನು ಉಳಿಸಿ, ಬಂದರಿನ ಫೋಟೋಗಳನ್ನು ಇಟ್ಟು, ಶಾಲಾ ಮಕ್ಕಳನ್ನು ಕರೆತಂದು ತೋರಿಸಬಹುದು ಅಲ್ವಾ?

– ಓದುಗ, ಮಂಗಳೂರು